ಬುಧವಾರ ಕೊಳ್ಳುವವರು

ನಮ್ಮ ಬ್ಲಾಕಿನ ಕನ್ನಡದ ಗಂಡಸರಿಗೆ ಬುಧವಾರ ಮಧ್ಯಾಹ್ನದ ಮೇಲೆ ಒಂದು ಬಗೆಯ ಜ್ವರ ಏರುತ್ತದೆ. ಲಂಡನ್ನಿನ ಷೇರುಪೇಟೆ ತೆರೆಯುವುದು ಆಗ. ಎಂಆರ್‌ಟಿ ರೈಲಿನಲ್ಲಿ, ಆಫೀಸಿನ ಮೆಟ್ಟಿಲ ಮೇಲೆ, ಮಗಳ ಭರತನಾಟ್ಯದ ಕ್ಲಾಸಿನ ಬಾಗಿಲಲ್ಲಿ ನಿಂತು ಫೋನಿನ ಮೇಲೆ ಹೆಬ್ಬೆರಳು ಆಡಿಸುತ್ತಿರುತ್ತಾರೆ. ಶುಕ್ರವಾರದ ಹೊತ್ತಿಗೆ ಜ್ವರ ಇಳಿದಿರುತ್ತದೆ. ಭಾನುವಾರ ಬ್ಲಾಕಿನ ಬುಡದ ವಾಯ್ಡ್ ಡೆಕ್ಕಿನಲ್ಲಿ, ಆ ಗೋಡೆಯಿಲ್ಲದ ಖಾಲಿ ಜಾಗದಲ್ಲಿ, ಕಲ್ಲುಮೇಜಿನ ಸುತ್ತ ಕೂತು, ಯಾರಿಗೆ ಎಷ್ಟು ಡಿವಿಡೆಂಡ್ ಬಿತ್ತು ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ.

ಇವರ ವಿದ್ಯೆ ಇಷ್ಟೇ. ಬ್ರಿಟಿಷ್ ಕಂಪನಿಗಳು ಡಿವಿಡೆಂಡ್, ಅಂದರೆ ಲಾಭದ ಪಾಲು, ಹಂಚುವ ಮುಂಚೆ ಒಂದು ದಿನ ಗೊತ್ತುಮಾಡುತ್ತವೆ. ಆ ದಿನಕ್ಕೆ ಮೊದಲು ಷೇರು ಯಾರ ಕೈಯಲ್ಲಿತ್ತೋ ಅವರಿಗೆ ಹಣ. ಆ ದಿನ ಸಾಮಾನ್ಯವಾಗಿ ಗುರುವಾರ. ಆದ್ದರಿಂದ ಬುಧವಾರ ಕೊಳ್ಳುವುದು, ಗುರುವಾರ ಮಾರುವುದು, ಮುಂದಿನ ವಾರ ಇನ್ನೊಂದು ಕಂಪನಿ. ಒಂದು ಗುಡಿಯಲ್ಲಿ ಪುಳಿಯೋಗರೆ ತಿಂದು ಕೈ ತೊಳೆಯದೆ ಪಕ್ಕದ ಗುಡಿಯ ಸಾಲಿಗೆ ನಿಲ್ಲುವವರನ್ನು ನೀವು ನೋಡಿರಬಹುದು. ಅವರಿಗೆ ಕನಿಷ್ಠ ಪುಳಿಯೋಗರೆ ಬಿಟ್ಟಿ. ಇವರು ಪ್ರತಿ ಸಲವೂ ಕೊಳ್ಳುವಾಗ ಬ್ರಿಟಿಷ್ ಸರ್ಕಾರಕ್ಕೆ ಸ್ಟ್ಯಾಂಪ್ ಡ್ಯೂಟಿ ಕಟ್ಟುತ್ತಾರೆ, ಕೊಳ್ಳುವಾಗಲೂ ಮಾರುವಾಗಲೂ ದಲ್ಲಾಳಿಗೆ ಕಮಿಷನ್ ಕೊಡುತ್ತಾರೆ. ಇನ್ನು ಗುರುವಾರ ಪೇಟೆ ತೆರೆಯುವ ಹೊತ್ತಿಗೆ ಷೇರಿನ ಬೆಲೆ ಡಿವಿಡೆಂಡಿನಷ್ಟೇ ಇಳಿದಿರುತ್ತದೆ. ಇಳಿಯದೆ ಏನು ಮಾಡುತ್ತದೆ? ಹಣ ಆಚೆ ಹೋಗುವುದು ನಿಶ್ಚಯವಾದ ಮೇಲೆ ನಿನ್ನೆಯ ಬೆಲೆ ಕೊಡಲು ಲಂಡನ್ನಿನವರು ದಡ್ಡರಲ್ಲ. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದಿದವರಿಗೆ ಮಾತ್ರ ತಿಳಿಯಲಿಲ್ಲ.

ಇವರ ಗುರು ನಿವೃತ್ತ ಬ್ಯಾಂಕರ್. ಬ್ಯಾಂಕಿನಲ್ಲಿ ಏನು ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳಿದರೆ "ರಿಸ್ಕ್" ಎನ್ನುತ್ತಾರೆ. ಬುಧವಾರ ಯಾವ ಕಂಪನಿ ಎಂದು ವಾಟ್ಸಾಪಿನಲ್ಲಿ ಅಪ್ಪಣೆ ಕೊಡುವವರು ಅವರೇ. ಹಣ ಜಮೆಯಾದಾಗಲೆಲ್ಲ "ಕೊಹಿನೂರ್ ವಾಪಸ್ ಬರ್ತಾ ಇದೆ ಕಣ್ರಯ್ಯ, ಪೀಸ್ ಪೀಸಾಗಿ" ಎಂದು ಒಂದೇ ಜೋಕು. ಅದಕ್ಕೆ ಪ್ರತಿ ಸಲ ನಗಲು ಜನ ಇದ್ದಾರೆ.

ನನ್ನ ಬಳಿಯೂ ಬ್ರಿಟಿಷ್ ಷೇರುಗಳಿವೆ. ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಅದರ ಮುಖ್ಯಸ್ಥೆಯಾಗಿ ನಿವೃತ್ತಳಾದವಳು ನಾನು. ಮದುವೆ ಆಗಲಿಲ್ಲ, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಬೆಳೆದೆ. ಆಮೇಲೆ ಕಂಪನಿಯ ಬಸ್ಸು ನನ್ನ ಗಂಟೆಯಾಯಿತು. ಪ್ರಯೋಗಾಲಯದಲ್ಲಿ ಹೊತ್ತಿಗೆ ಸರಿಯಾಗಿ ಮಾದರಿ ತೆಗೆಯಬೇಕು. ಮಳೆ ಬರಲಿ, ಮ್ಯಾನೇಜರ್ ಬರಲಿ, ಹೊತ್ತು ಬದಲಾಗುವುದಿಲ್ಲ. ನಡುನಡುವೆ ಹೋಗಿ ಇಣುಕುವವನು ಕೆಲಸಗಾರನಲ್ಲ, ಕಳವಳಗಾರ.

ನಾನು ಕೊಂಡಿದ್ದು ಒಂದೇ ಒಂದು ಇನ್ವೆಸ್ಟ್‌ಮೆಂಟ್ ಟ್ರಸ್ಟಿನ ಷೇರು. ಟ್ರಸ್ಟ್ ಎಂದರೆ ನಮ್ಮಲ್ಲಿ ಮಠವೋ ಧರ್ಮಛತ್ರವೋ ಎಂದುಕೊಳ್ಳುತ್ತಾರೆ. ಇದು ಒಂದು ಕಂಪನಿ; ಬೇರೆ ಕಂಪನಿಗಳ ಷೇರು ಇಟ್ಟುಕೊಳ್ಳುವುದೇ ಇದರ ಕಸುಬು. ಸೋಪು, ವಿಮೆ, ಔಷಧಿ, ಎಣ್ಣೆ, ಬ್ಯಾಂಕು, ಹೀಗೆ ಹಳೆಯ, ಬೇಸರ ಹುಟ್ಟಿಸುವ, ಲಾಭ ಮಾಡುವ ಕಂಪನಿಗಳು. ಅವು ಕೊಡುವ ಡಿವಿಡೆಂಡನ್ನು ಕೂಡಿಸಿ ವರ್ಷಕ್ಕೆ ನಾಲ್ಕು ಸಲ ನಮಗೆ ಹಂಚುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷ ಎಲ್ಲವನ್ನೂ ಹಂಚಿಬಿಡದೆ ಸ್ವಲ್ಪ ಹಿಂದಿಟ್ಟುಕೊಂಡು, ಕೆಟ್ಟ ವರ್ಷದಲ್ಲಿ ಅದರಿಂದ ತೆಗೆದು ಕೊಡಬಹುದು. ಈ ಒಂದು ಬುದ್ಧಿಗಾಗಿ ನಾನು ಅದನ್ನು ಆರಿಸಿದೆ. ಷೇರಿನ ಬೆಲೆ ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ನಾಚಿಕೆಯಾಗುವಷ್ಟು ಇಳಿಯುತ್ತದೆ. ನಾನು ನೋಡುವುದು ವಾರ್ಷಿಕ ವರದಿ ಬಂದಾಗ ಮಾತ್ರ. ಮಾರುವ ಉದ್ದೇಶವೇ ಇಲ್ಲದ ವಸ್ತುವಿನ ಬೆಲೆಯನ್ನು ದಿನಾ ಕೇಳುವುದು, ವಾಸವಿರುವ ಮನೆಗೆ ದಿನಾ ದಲ್ಲಾಳಿಯನ್ನು ಕರೆದಂತೆ.

ನನ್ನ ಎದುರು ಮನೆಯವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಶಿಶುವಿಹಾರವೊಂದರಲ್ಲಿ ಅರ್ಧ ದಿನದ ಕೆಲಸ. ಆ ಸಂಬಳ ದಿನಸಿಗೆ ಸರಿಹೋಗುತ್ತದೆ. ಗಂಡ ಇಲ್ಲಿಯ ಉಬಿ ಬಡಾವಣೆಯ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದ. ಕಂಪನಿ ಆ ವಿಭಾಗವನ್ನೇ ಮುಚ್ಚಿ, ಕೈಗೆ ಒಂದು ಗಂಟು ಹಣ ಕೊಟ್ಟು ಕಳಿಸಿತು. ಇಲ್ಲಿ ಬೇರೆ ಕೆಲಸ ಸಿಗದೆ ಅವನು ಬೆಂಗಳೂರಿನಲ್ಲಿ ಒಂದನ್ನು ಹಿಡಿದ. ಅದೇ ತಿಂಗಳು ಮಗ ನ್ಯಾಷನಲ್ ಸರ್ವಿಸಿಗೆ ಸೇರಿದ. ಈ ದೇಶದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದ ಕುಟುಂಬದ ಗಂಡುಮಕ್ಕಳೂ ಎರಡು ವರ್ಷ ಸೈನ್ಯದಲ್ಲಿ ಕಳೆಯಲೇಬೇಕು. ವಾರವೆಲ್ಲ ಕ್ಯಾಂಪು, ವಾರದ ಕೊನೆಗೆ ಮನೆ.

"ಅವನು ಶುಕ್ರವಾರ ಬಂದ್ರೆ ಬಾಗಿಲು ತೆಗೆಯೋಕೆ ನಾನಿರಬೇಕು ಆಂಟಿ, ಅಷ್ಟೇ" ಎಂದಳು ಅವಳು. ಅದಕ್ಕೆ ಫ್ಲ್ಯಾಟಿನ ಕಂತು ಎರಡು ವರ್ಷ ತಪ್ಪದೆ ಕಟ್ಟಬೇಕು. ರೂಪಾಯಿಯ ಸಂಬಳ ಡಾಲರಿನ ಕಂತಿಗೆ ಮುಟ್ಟುವುದಿಲ್ಲ. ಆ ಗಂಟು ಹಣವೇ ಕಂತು. ಅದು ಕರಗಿದರೆ ಮನೆ ಮಾರಿ ಇವಳೂ ಬೆಂಗಳೂರಿಗೆ. ಹುಡುಗ ವಾರದ ಕೊನೆಗೆ ಯಾರದೋ ಮನೆಯ ಸೋಫಾಗೆ.

ಗಂಡ ಹೊರಡುವ ಮುಂಚೆ ಆ ಹಣವನ್ನೆಲ್ಲ ಬುಧವಾರದವರ ದಾರಿಗೆ ಹಚ್ಚಿ ಹೋಗಿದ್ದ. ಬೆಂಗಳೂರಿನಿಂದಲೇ ಕೊಳ್ಳುವುದು, ಮಾರುವುದು. ಡಿವಿಡೆಂಡ್ ಬಂದಾಗ ಬ್ಯಾಂಕಿನ ಸಂದೇಶ ಇವಳ ಫೋನಿಗೂ ಬರುತ್ತಿತ್ತು. ಇವಳಿಗೆ ಖುಷಿ. "ಹಣ ದುಡೀತಾ ಇದೆ ಆಂಟಿ, ನಾವು ದುಡೀದಿದ್ರೂನೂ!"

ಆರೇಳು ತಿಂಗಳ ಮೇಲೆ ಅವನು ಒಂದು ವಾರದ ರಜೆಗೆ ಬಂದ. ಭಾನುವಾರ ಅವರ ಮನೆಯಲ್ಲಿ ಬಿಸಿಬೇಳೆಭಾತು. ನನ್ನನ್ನು ಕರೆದಿದ್ದರು, ಬ್ಯಾಂಕರ್ ಗುರುಗಳನ್ನೂ ಕರೆದಿದ್ದರು. ಹುಡುಗ ತಟ್ಟೆ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಜಾಣ.

"ಆಂಟಿ ಹತ್ರಾನೂ ಯುಕೆ ಷೇರ್ ಇದೆಯಂತಲ್ಲ?" ಎಂದರು ಗುರುಗಳು. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವರು, ಆದರೂ ನಾನು ಆಂಟಿ. "ಟ್ರಸ್ಟ್ ಅಂತೆ. ಕೊಂಡು ಲಾಕರಲ್ಲಿ ಇಟ್ಟ ಹಾಗೆ. ಅದು ನಮ್ ಅಜ್ಜಿ ಕಾಲದ್ದು ಆಂಟಿ, ಈಗೇನಿದ್ರೂ ಆಕ್ಟಿವ್ ಆಗಿರ್ಬೇಕು."

"ಹೌದು, ನಿಮ್ಮ ಆಕ್ಟಿವಿಟಿ ವಾಯ್ಡ್ ಡೆಕ್ಕಿನಲ್ಲಿ ನೋಡ್ತಾ ಇರ್ತೀನಿ" ಎಂದೆ.

ಗಂಡ ಉಮೇದಿನಿಂದ ಕುರ್ಚಿ ಎಳೆದುಕೊಂಡ. "ಇಲ್ಲ ಆಂಟಿ, ಸೀರಿಯಸ್ಸಾಗಿ ಹೇಳ್ತೀನಿ, ನೀವು ಮೂರು ತಿಂಗಳಿಗೆ ಒಂದ್ಸಲ ಡಿವಿಡೆಂಡ್ ತಗೋತೀರಿ. ನಾನು ವಾರ ವಾರ ತಗೋತೀನಿ. ಸೇಮ್ ಹಣ, ಎಷ್ಟೋ ಪಟ್ಟು ಇನ್‌ಕಮ್. ಸಿಂಪಲ್ ಮ್ಯಾಥ್ಸ್!"

"ಬುಧವಾರ ಎಷ್ಟಕ್ಕೆ ಕೊಂಡಿರಿ, ಗುರುವಾರ ಎಷ್ಟಕ್ಕೆ ಮಾರಿದಿರಿ?"

"ಅದು ಕ್ಯಾಪಿಟಲ್ ಆಂಟಿ. ಇದು ಇನ್‌ಕಮ್. ಎರಡನ್ನೂ ಮಿಕ್ಸ್ ಮಾಡ್ಬಾರ್ದು."

ಗುರುಗಳು ಹಪ್ಪಳ ಮುರಿಯುತ್ತ ತಲೆಯಾಡಿಸಿದರು. "ಕರೆಕ್ಟ್. ಬೇಸಿಕ್ ಪ್ರಿನ್ಸಿಪಲ್ ಅದು."

ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಳ್ಳುವುದಕ್ಕೆ ಸಂಪಾದನೆ ಎಂದು ಹೆಸರಿಡಬಹುದು. ದಾರಿಯಲ್ಲಿ ಇಬ್ಬರು ಅದರಿಂದ ಚೂರು ಚೂರು ಕಿತ್ತುಕೊಳ್ಳುತ್ತಿದ್ದರೂ ಇಡಬಹುದು. ಆದರೆ ಅದಕ್ಕೆ ಪ್ರಿನ್ಸಿಪಲ್ ಎನ್ನಲು ಬ್ಯಾಂಕಿನಲ್ಲಿ ಒಂದು ಆಯುಷ್ಯ ಕಳೆದಿರಬೇಕು. ನಾನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವಳು ಮಾತಾಡಿದಳು.

"ರೀ, ಆ ಕ್ಯಾಪಿಟಲ್ಲಲ್ಲೇ ಅಲ್ವಾ ನಾವು ಕಂತು ಕಟ್ಬೇಕಾಗಿರೋದು?"

"ಕಟ್ತೀವಲ್ಲ ಕಣೆ. ಕಟ್ತಾ ಇದೀವಲ್ಲ!"

"ಹಾಗಲ್ಲ. ಡಿವಿಡೆಂಡ್ ಎಲ್ಲ ಸೇರಿಸಿ, ಈಗ ಒಟ್ಟು ಎಷ್ಟಿದೆ? ಕಟ್ಟಿದ ಕಂತು ಬಿಟ್ಟು, ಇರಬೇಕಾದಷ್ಟು ಇದೆಯಾ?"

"ಮಾರ್ಕೆಟ್ ಡೌನ್ ಇದೆ ಈಗ…"

"ಇದೆಯಾ, ಇಲ್ವಾ? ಅಷ್ಟು ಹೇಳಿ ಸಾಕು."

ಗುರುಗಳು ಕೈತೊಳೆಯಲು ಎದ್ದರು. ಗಂಡ ಫೋನು ತೆಗೆದ, ನೋಡಿದ, ಮತ್ತೆ ನೋಡಿದ. ವಾರ ವಾರ ಬಂದದ್ದನ್ನು ಕೂಡಿಸಿಕೊಂಡು ಬಂದಿದ್ದನೇ ಹೊರತು ಉಳಿದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲವೆಂದು ಅವನ ಮುಖವೇ ಹೇಳಿತು. ಬಿಸಿಬೇಳೆಭಾತು ಚೆನ್ನಾಗಿತ್ತು. ಬಡಿಸಿಕೊಂಡದ್ದನ್ನು ಪೂರ್ತಿ ತಿಂದು ಎದ್ದುಬಂದೆ.

ಮರುದಿನ ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದಾಗ ಅವಳು ಬಂದಳು. ಕಣ್ಣು ಊದಿತ್ತು. ಅತ್ತವರನ್ನು ಕೂರಿಸಿ ಕಾಫಿ ಕೊಡುವುದು ನನ್ನ ಕ್ರಮ, ಕೊಟ್ಟೆ.

"ಎಲ್ಲಾ ಮಾರಿಸ್ತೀನಿ ಆಂಟಿ. ಉಳಿದಿದ್ದನ್ನ ನಿಮ್ ಟ್ರಸ್ಟಿಗೇ ಹಾಕ್ಬಿಡೋಣ. ನೀವು ಹೇಗೆ ಕೊಂಡ್ರೋ ಹಾಗೇ ತೋರಿಸಿಕೊಡಿ."

"ಬೇಡ" ಎಂದೆ. "ಅದು ನಿನಗಲ್ಲ."

ಅವಳು ಲೋಟ ಕೆಳಗಿಟ್ಟಳು. "ಯಾಕೆ?"

"ನೀನು ತಿಂಗಳು ತಿಂಗಳು ಅಸಲನ್ನೇ ಮುರಿದು ಕಂತು ಕಟ್ಟಬೇಕಾದವಳು. ನಾನು ಅಸಲನ್ನು ಮುಟ್ಟುವವಳೇ ಅಲ್ಲ. ನನಗೆ ಬೆಲೆ ಇಳಿದರೆ ಏನೂ ಆಗೋಲ್ಲ. ನಿನಗೆ ಬೆಲೆ ಇಳಿದ ತಿಂಗಳೇ ಮಾರಬೇಕಾಗತ್ತೆ. ಎರಡು ವರ್ಷದೊಳಗೆ ಬೇಕಾದ ಹಣಕ್ಕೆ ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್. ಬೇರೆ ಮಾತೇ ಇಲ್ಲ."

"ಡಿಪಾಸಿಟ್ಟಲ್ಲಿ ಏನ್ ಬರತ್ತೆ ಆಂಟಿ, ಚಿಲ್ಲರೆ."

"ಹಾಕಿದ್ದು ಬರತ್ತೆ."

ಅವಳು ನನ್ನನ್ನು ನೋಡಿದ ರೀತಿ ಬದಲಾಯಿತು. ಈ ಬ್ಲಾಕಿನಲ್ಲಿ ತಾವು ಕೊಂಡದ್ದನ್ನು ನೀವೂ ಕೊಳ್ಳಿ ಎಂದು ದುಂಬಾಲು ಬೀಳದವರು ಯಾರೂ ಇಲ್ಲ. ವಾಟರ್ ಫಿಲ್ಟರ್ ಕೊಂಡವರು ಫಿಲ್ಟರ್ ಕೊಳ್ಳಿ ಎನ್ನುತ್ತಾರೆ. ಮೈಸೂರು ರಸ್ತೆಯಲ್ಲಿ ಸೈಟು ಕೊಂಡವರು ಪಕ್ಕದ ಸೈಟು ತಗೊಳ್ಳಿ ಎನ್ನುತ್ತಾರೆ. ಕೊಂಡದ್ದು ಸರಿಯೆಂದು ನಂಬಲು ಜೊತೆಗೆ ಇನ್ನೊಬ್ಬರು ಬೇಕು ಇವರಿಗೆ. ಅಂಥ ಕಡೆ, ನನ್ನ ಬಳಿ ಇರುವುದು ನಿನಗೆ ಬೇಡ ಎಂದು ಹೇಳಿದರೆ ಅರ್ಥ ಒಂದೇ: ಮುಚ್ಚಿಡುತ್ತಿದ್ದಾಳೆ.

"ಆಯ್ತು ಬಿಡಿ ಆಂಟಿ" ಎಂದಳು. "ಒಳ್ಳೇದು ಸಿಕ್ಕಿದಾಗ ಯಾರಿಗೂ ಹೇಳ್ಕೊಡೋಕೆ ಮನಸ್ಸು ಬರಲ್ಲ. ನಂಗರ್ಥ ಆಗತ್ತೆ." ಕಾಫಿ ಅರ್ಧಕ್ಕೆ ಬಿಟ್ಟು ಹೋದಳು.

ಗುರುಗಳ ದಡ್ಡತನಕ್ಕೆ ಒಂದು ಗಾತ್ರವಾದರೂ ಇತ್ತು. ಇವಳ ಈ ಅನುಮಾನ ಸಣ್ಣದು, ಮನೆಮನೆಯದು. ನಾನು ಉಳಿದ ಬಟ್ಟೆಗಳಿಗೆ ಇಸ್ತ್ರಿ ಮುಗಿಸಿದೆ. ಅವಳ ಹಿಂದೆ ಹೋಗಿ ಸಮಾಧಾನ ಹೇಳಲಿಲ್ಲ. ಸರಿಯಾದ ಮಾತನ್ನು ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.

ಆ ವಾರವೆಲ್ಲ ಎದುರು ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಗಂಡಹೆಂಡಿರ ಮಾತು ಏರುವುದು, ಇಳಿಯುವುದು ಕಾರಿಡಾರಿಗೆ ಕೇಳುತ್ತಿತ್ತು. ಅವನು ಹೊರಡುವ ಮುನ್ನಾದಿನ ಸಂಜೆ ಅವಳು ನನ್ನ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ.

"ಎಲ್ಲಾ ಮಾರಿಸ್ದೆ. ಡಿಪಾಸಿಟ್ ಮಾಡಿಸ್ದೆ, ನನ್ನ ಹೆಸರಲ್ಲೇ" ಎಂದಳು. "ನೀವ್ ಹೇಳಿದ್ರಿ ಅಂತ ಅಲ್ಲ. ನಿಮ್ ಟ್ರಸ್ಟಿನ ಬೆಲೆ ನಾನೇ ನೋಡಿದೆ, ಅವರ ಫೋನಲ್ಲಿ. ಬುಧವಾರ ಒಂದು, ಶುಕ್ರವಾರ ಒಂದು. ನೀವು ಅದನ್ನ ಇಟ್ಕೊಂಡು ಹೇಗೆ ನಿದ್ದೆ ಮಾಡ್ತೀರೋ ಏನೋ."

"ನೋಡದೆ" ಎಂದೆ.

ಅವಳಿಗೆ ನಗು ಬಂತು, ತಡೆದುಕೊಂಡಳು. "ಕೊನೇ ಐದಾರು ತಿಂಗಳ ಕಂತಿಗೆ ಸಾಲಲ್ಲ. ಅದಕ್ಕೆ ಮಗನ ರೂಮು ಬಾಡಿಗೆಗೆ ಕೊಡ್ತಿದೀನಿ. ಯೂನಿವರ್ಸಿಟಿ ಹುಡುಗಿ, ಚೆನ್ನೈನವಳು. ಮುಂದಿನ ವಾರ ಬರ್ತಾಳೆ."

ಎರಡು ವರ್ಷ ಬಾಗಿಲು ತೆಗೆಯಬೇಕೆಂದು ಹೊರಟವಳು, ಆ ಬಾಗಿಲಿನ ಒಳಗಿನ ಬಾಗಿಲನ್ನು ಬಾಡಿಗೆಗೆ ಕೊಡಬೇಕಾಯಿತು. ಕೊಹಿನೂರು ವಾಪಸು ತರಲು ಹೋದವರ ಲೆಕ್ಕ ಇದು. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಇಸ್ತ್ರಿ ಮೇಜು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಹುಡುಗ ಅಚ್ಚುಕಟ್ಟಿನವನು, ಈಗಂತೂ ಸೈನ್ಯದವನು. ವಾರದ ಕೊನೆಗೆ ಇಲ್ಲಿ ಮಲಗಲಿ, ಚಾದರವನ್ನು ತಾನೇ ಮಡಿಸಿಡಬೇಕು, ಅಷ್ಟೇ ಷರತ್ತು ಎಂದೆ.

"ಬೇಡ ಆಂಟಿ" ಎಂದಳು, ನಾನು ಅವಳಿಗೆ ಹೇಳಿದ ಧಾಟಿಯಲ್ಲೇ. "ಹಾಲ್‌ನಲ್ಲಿ ಹಾಸಿಗೆ ಹಾಕ್ತೀನಿ. ಅವನು ನನ್ನ ಮನೇಲೇ ಮಲಗ್ಬೇಕು."

ಮೊದಲ ಬಾರಿಗೆ ಆ ಮನೆಯಲ್ಲಿ ಯಾರೋ ಲೆಕ್ಕ ಸರಿಯಾಗಿ ಮಾಡಿದ್ದರು. ನಾನು ಒತ್ತಾಯಿಸಲಿಲ್ಲ.

ಮುಂದಿನ ಶುಕ್ರವಾರ ಹುಡುಗ ಭಾರದ ಬ್ಯಾಗು ಹೊತ್ತು ಬಂದ. ಬಾಗಿಲಲ್ಲಿ ಚೆನ್ನೈ ಹುಡುಗಿಯ ಚಪ್ಪಲಿ ನೋಡಿ, "ಅಮ್ಮಾ, ಮೈ ರೂಮ್ ಗಾನ್ ಕೇಸ್ ಆಲ್ರೆಡಿ ಲಾ" ಎಂದು ಇಲ್ಲಿಯ ಹುಡುಗರ ಇಂಗ್ಲಿಷಿನಲ್ಲಿ ಕೂಗಿದ, ರೂಮಿನ ಕಥೆ ಮುಗಿಯಿತು ಎನ್ನುವ ಹಾಗೆ. ಒಳಗಿನಿಂದ ಅವಳು, "ಮೊದಲು ಕೈಕಾಲು ತೊಳ್ಕೊ. ಸಾಕ್ಸ್ ಹೊರಗೇ ಬಿಡು, ಮನೆ ಗಬ್ಬು ನಾರತ್ತೆ" ಎನ್ನುತ್ತ ಬಾಗಿಲು ತೆಗೆದಳು.