ಒಂಬತ್ತು ತಟ್ಟೆ ಕಂಪ್ಯೂಟರ್

ಕಂಪ್ಯೂಟರ್ ಮಾರುವ ಜಾಲತಾಣಗಳಲ್ಲಿ ನನ್ನನ್ನು ಮೊದಲು ಕಾಡಿದ್ದು ಹೊಡೆದುಹಾಕಿದ ಬೆಲೆ. ಪತ್ರಿಕೆಯ ಡೆಸ್ಕಿನಲ್ಲಿ ನಾವು ಹೊಡೆದುಹಾಕಿದ ಸಾಲು ಓದುಗನ ಕಣ್ಣಿಗೆ ಎಂದೂ ಬೀಳುವುದಿಲ್ಲ. ಇಲ್ಲಿ ಅದನ್ನೇ ಮೊದಲು ತೋರಿಸಿ, ಕೆಳಗೆ ನಿಜವನ್ನು ಕೆಂಪಕ್ಷರದಲ್ಲಿ ಬರೆಯುತ್ತಾರೆ. ಆ ನಿಜವೂ ಅರ್ಧ. ಒಬ್ಬರು ತೆರಿಗೆ ಸೇರಿಸಿರುತ್ತಾರೆ, ಇನ್ನೊಬ್ಬರು ಸಾಗಣೆಯ ಖರ್ಚನ್ನು ಕೊನೆಯ ಪುಟದ ತನಕ ಬಚ್ಚಿಟ್ಟಿರುತ್ತಾರೆ.

ನಾನು ಈ ಉಸಾಬರಿಗೆ ಬಿದ್ದದ್ದು ತಂಗಿಯ ಗೃಹಪ್ರವೇಶದ ದೆಸೆಯಿಂದ. ಅವಳು ತಮಿಳುನಾಡಿನ ತೇನಿ ಕಡೆಯ ಕೊಂಬೈಯಲ್ಲಿ ಹೊಸ ಮನೆ ಕಟ್ಟಿಸಿದ್ದಳು. ನಮ್ಮಲ್ಲಿ ಅಂಥ ದಿನ ತವರಿನಿಂದ ಸೀರು ಹೋಗಬೇಕು. ಎಂದರೆ, ಉಡುಗೊರೆಗಳನ್ನು ತಟ್ಟೆಗಳಲ್ಲಿ ಜೋಡಿಸಿ ಮೇಳದ ಹಿಂದೆ ಬೀದಿಯುದ್ದಕ್ಕೂ ಹೊತ್ತು ನಡೆಯಬೇಕು. ಪಾತ್ರೆ ಬೇಡ, ಮಗಳಿಗೆ ಕಂಪ್ಯೂಟರ್ ಕೊಡು ಎಂದಳು ತಂಗಿ. ಮಗಳು ಸುಮತಿ ಮನೆಗಳ ನಕ್ಷೆ ಬರೆಯುವವಳು. ಗಿರಾಕಿಯ ಎದುರು ಮನೆಯನ್ನು ತಿರುಗಿಸಿ ತೋರಿಸಲು ಹೋದಾಗೆಲ್ಲ ಅವಳ ಹಳೆಯ ಲ್ಯಾಪ್‌ಟಾಪ್ ನಿಂತುಬಿಡುತ್ತಿತ್ತು. ಗಿರಾಕಿ ಎದ್ದು ತೇನಿ ಪೇಟೆಯ ನಕ್ಷೆಯವರ ದಾರಿ ಹಿಡಿಯುತ್ತಿದ್ದ. ಹೀಗೇ ಆದರೆ ಕಲಿತ ಕೆಲಸವನ್ನೇ ಬಿಡಬೇಕಾಗುತ್ತಿತ್ತು.

ದಿಂಡುಗಲ್ಲಿನ ನನ್ನ ಮನೆಯಲ್ಲಿ ಮೂವರೂ ಕೂತೆವು. ಬೇಕಾದ ಭಾಗಗಳನ್ನು ನಾವೇ ಆರಿಸುವ ಪುಟ ತೆರೆದಿತ್ತು. ಸುಮತಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒತ್ತಿದಳು. ಭಾಗಗಳನ್ನೆಲ್ಲ ಒಳಗೆ ಕೂರಿಸುವ ಪೆಟ್ಟಿಗೆಗಳಲ್ಲಿ ತಂಗಿ ಬಣ್ಣದ ದೀಪಗಳ ಗಾಜಿನದನ್ನು ಒತ್ತಿಸಿದಳು. ಎರಡೂ ಸೇರಿದರೆ ಮೊತ್ತ ನನ್ನ ಕೈ ಮೀರುತ್ತಿತ್ತು.

"ದೀಪ ಏನು ನಕ್ಷೆ ಬರೀತದಾಮ್ಮಾ?" ಎಂದಳು ಸುಮತಿ.

"ಒಳಗಿರೋದು ಯಾರ ಕಣ್ಣಿಗೆ ಬೀಳ್ತದೆ? ಸೀರು ಅಂದ್ರೆ ಸೊಂದಕಾರ್ರು, ನೆಂಟ್ರು ನೋಡ್ಬೇಕು. ನಿಮ್ಮತ್ತೆ ಒಬ್ಬಳೇ ಸಾಕು. ಅಣ್ಣ ಒಂದು ಕರಿ ಡಬ್ಬ ತಂದ ಅಂತ ಗೂಡಲೂರು ತನಕ ಸಾರ್ಕೊಂಡು ಹೋಗ್ತಾಳೆ."

ಅತ್ತೆ ಎಂದರೆ ತಂಗಿಯ ಗಂಡನ ಅಕ್ಕ. ಗೂಡಲೂರಿನವರು.

ಎರಡೂ ಕಡೆಯ ಹೇಳಿಕೆ ಪಡೆದು ಸುಮ್ಮನಿರುವುದು ನನ್ನ ವೃತ್ತಿಯ ಅಭ್ಯಾಸ. ತಂಗಿಯನ್ನು ನೋಡಿ ನಗುವಂತೆಯೂ ಇರಲಿಲ್ಲ. ಕಾರು ಕೊಂಡ ದಿನ ನಾನು ಎಂಜಿನ್ನಿನ ಮುಚ್ಚಳ ಎತ್ತಿಸಿರಲಿಲ್ಲ, ಬಣ್ಣ ನೋಡಿ ತಂದಿದ್ದೆ.

ದಾರಿ ಕಂಡದ್ದು ಸುಮತಿಗೆ. "ಮಾಮಾ, ಜೋಡಿಸಿದ್ದು ಬೇಡ, ಪೆಟ್ಟಿಗೆ ಸಾದಾದ್ದೇ ಇರಲಿ. ಬಿಡಿಬಿಡಿಯಾಗಿ ತರ್ಸು, ಯಾವ್ದು ಎಲ್ಲಿ ಅಗ್ಗವೋ ಅಲ್ಲಿಂದ. ಒಂದೊಂದಕ್ಕೂ ಒಂದೊಂದು ಡಬ್ಬ ಬರ್ತದೆ. ಡಬ್ಬಕ್ಕೊಂದು ತಟ್ಟೆ."

ತಂಗಿ ಬೆರಳು ಮಡಿಸಿದಳು. "ಒಂಬತ್ತು!" ಸೀರಿನ ತಟ್ಟೆಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಗಾಜಿನ ಪೆಟ್ಟಿಗೆಯ ಮಾತು ಅಲ್ಲಿಗೆ ಮುಗಿಯಿತು.

ಗೃಹಪ್ರವೇಶದ ದಿನ ಬಿಸ್ಕತ್ತಿನಷ್ಟಿದ್ದ ಪ್ರೊಸೆಸರ್‌ಗೆ ವೀಳ್ಯದೆಲೆ, ಅರಿಶಿನದ ಕೊಂಬಿನ ಮರ್ಯಾದೆ ಸಿಕ್ಕಿತು. ಬೀದಿಯವರು ಬಾಯಿ ತುಂಬ ಹೊಗಳಿದ್ದು ಎಲ್ಲಕ್ಕಿಂತ ದೊಡ್ಡ ಡಬ್ಬವನ್ನು. ಅದರಲ್ಲಿ ಇದ್ದದ್ದು ಖಾಲಿ ಪೆಟ್ಟಿಗೆ.

ಮುಂದಿನ ತಿಂಗಳು ಕೊಂಬೈಗೆ ಹೋದಾಗ ಕಂಪ್ಯೂಟರ್ ಸಿದ್ಧವಾಗಿತ್ತು. ಅತ್ತೆಯೂ ಬಂದಿದ್ದರು. ಅವರು ಮೇಜಿನ ಕೆಳಗೆ ಬಗ್ಗಿ ಆ ಕರಿ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಏನು ತಂಬಿ, ಒಂಬತ್ತು ತಟ್ಟೆ ತಂದ್ಯಲ್ಲ. ಮಿಕ್ಕದ್ದೆಲ್ಲ ಎಲ್ಲಿ? ಹಂಗೇ ವಾಪಸ್ ತಗೊಂಡೋದ್ಯಾ?"

ತಂಗಿಯ ಮುಖ ಇಳಿಯಿತು. ಸುಮತಿ ವಿವರಣೆಗೆ ಹೋಗಲಿಲ್ಲ. ಅತ್ತೆ ಗೂಡಲೂರಿನಲ್ಲಿ ಮನೆ ಕಟ್ಟಿಸುವವರಿದ್ದರು. ನಕ್ಷೆಯನ್ನು ತೇನಿಯಲ್ಲಿ ಯಾರಿಗೋ ಒಪ್ಪಿಸುವ ಯೋಚನೆಯೂ ಆಗಿತ್ತು. ಸುಮತಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅದೇ ಜಾಗಕ್ಕೆ ತಾನೇ ಬರೆದಿಟ್ಟಿದ್ದ ಮನೆಯನ್ನು ಪರದೆಗೆ ತಂದಳು. ಮನೆ ಎಲ್ಲೂ ತಡೆಯದೆ ಒಂದು ಸುತ್ತು ತಿರುಗಿತು. ಬಾಗಿಲು ತೆರೆಯಿತು. ಅಡುಗೆಮನೆ ಬಂತು.

"ಏಯ್, ನಿಲ್ಸು! ಒಲೆ ಅಲ್ಲಿ ಯಾಕಿಟ್ಟೆ? ಕಿಟಕಿ ಗಾಳಿಗೆ ಆರೋಗ್ತದೆ. ಈಚೆ ಇಡು."

ಒಲೆ ಈಚೆ ಬಂತು.

"ಕಿಟಕಿ ದೊಡ್ಡದು ಮಾಡು. ತೇನಿಯವನಿಗೆ ಇದನ್ನೆಲ್ಲ ಎಷ್ಟು ಸಲ ಅಂತ ಹೇಳೋದು."

ಕಿಟಕಿ ದೊಡ್ಡದಾಯಿತು. ತಂಗಿ ತಂದಿಟ್ಟ ಕಾಫಿ ಆರುತ್ತಿತ್ತು. ತಟ್ಟೆಗಳ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಅತ್ತೆ ಇನ್ನೂ ಕಟ್ಟದ ಮನೆಯ ಮೆಟ್ಟಿಲನ್ನು ಪರದೆಯಲ್ಲಿ ಆಗಲೇ ಹತ್ತುತ್ತಿದ್ದರು.