ಗ್ಯಾಸ್ ಎಂದು ನಾನೇ ಹೇಳಿದ್ದು

ಇವತ್ತು ಬೆಳಿಗ್ಗೆ ಪುತ್ತೂರಿನ ದರ್ಬೆಯ ಅಂಗಡಿಯಲ್ಲಿ ಯಾರೋ ಸೋಡಾ ಬಾಟಲಿ ತೆರೆದರು. ಬುಸ್ಸೆಂಬ ಆ ಸದ್ದು ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಸೋಡಾಕ್ಕೆ ಹೆದರುವ ಗಂಡಸು ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ನಮ್ಮ ಕಡೆ ಗ್ಯಾಸ್ ಎಂಬ ಇಂಗ್ಲಿಷ್ ಶಬ್ದ ಮಾಡದ ಕೆಲಸವಿಲ್ಲ. ಅಡುಗೆಮನೆಯ ಸಿಲಿಂಡರು ಗ್ಯಾಸ್. ಹಿಂದೆ ಮದುವೆ ಚಪ್ಪರದಲ್ಲಿ ತೂಗುತ್ತಿದ್ದ ಸೀಮೆಎಣ್ಣೆ ದೀಪವೂ ಗ್ಯಾಸ್‌ಲೈಟೇ. ಫ್ರಿಜ್ಜು ತಣ್ಣಗಾಗದಿದ್ದರೆ ರಿಪೇರಿಯವ ಬಾಗಿಲು ತೆಗೆಯುವ ಮೊದಲೇ "ಗ್ಯಾಸ್ ಹೋಗಿದೆ" ಎನ್ನುತ್ತಾನೆ. ಇನ್ನು ಮೈಯೊಳಗಂತೂ ಅದು ಹೋಗದ ಜಾಗವಿಲ್ಲ. ಸೊಂಟ ಹಿಡಿದರೆ ಗ್ಯಾಸ್, ಭುಜ ನೋವಾದರೆ ಗ್ಯಾಸ್, ಎದೆ ಬಿಗಿದರೂ ಗ್ಯಾಸ್. ಮದ್ದು ಎಲ್ಲದಕ್ಕೂ ಒಂದೇ, ಜೀರಿಗೆ. ಈ ವೈದ್ಯದಲ್ಲಿ ನಾನು ಕುಟುಂಬದೊಳಗೆ ಸ್ವಲ್ಪ ಹೆಸರು ಮಾಡಿದವನು.

ಎರಡು ವರ್ಷದ ಹಿಂದೆ ಸುಳ್ಯದ ಹತ್ತಿರದ ಆಲೆಟ್ಟಿಯ ಭಾವ, ಅಂದರೆ ನನ್ನ ಅಕ್ಕನ ಗಂಡ, ಪುತ್ತೂರಿನಲ್ಲಿ ಮದುವೆ ಊಟ ಮುಗಿಸಿ ನಮ್ಮ ಮನೆಗೆ ಬಂದರು. ಎದೆ ಒತ್ತಿ ಹಿಡಿದು ಕೂತರು.

"ಎಂತ ಭಾವ?"

"ಎಂತದೋ ಬಿಗಿ ಮಾರಾಯ. ಊಟ ಜಾಸ್ತಿ ಆಯ್ತಾ ಅಂತ."

"ಗ್ಯಾಸ್ ಅದು. ಹೋಳಿಗೆ ಎಷ್ಟು ತಿಂದ್ರಿ?" ಎಂದು ನಕ್ಕೆ. ಜೀರಿಗೆ ಪುಡಿ ಹಾಕಿ ಸೋಡಾ ಕುಡಿಸಿದೆ. ಒಂದು ತೇಗು ಬಂತು. ಗೆದ್ದವನ ಹಾಗೆ ಅವರನ್ನು ಸುಳ್ಯದ ಬಸ್ಸು ಹತ್ತಿಸಿದೆ.

ಒಂದು ಗಂಟೆಯೊಳಗೆ ಫೋನು. ಬಸ್ಸಿನಲ್ಲಿ ಕುಸಿದಿದ್ದಾರೆ, ಆಸ್ಪತ್ರೆಗೆ ಒಯ್ದಿದ್ದಾರೆ, ಹಾರ್ಟ್ ಅಟ್ಯಾಕ್. ಭಾವ ಬದುಕಿದರು. ಪುತ್ತೂರಿನಲ್ಲೇ ನೋವಿತ್ತೇ ಎಂದು ಆಮೇಲೆ ಅಕ್ಕ ಕೇಳಿದಾಗ ಭಾವ ನನ್ನ ಮುಖ ನೋಡದೆಯೇ, "ಇಲ್ಲ ಮಾರಾಯ್ತಿ, ಬಸ್ಸಲ್ಲೇ ಸುರು ಆದದ್ದು" ಎಂದರು. ನನ್ನನ್ನು ಉಳಿಸಲು ಅವರು ಸುಳ್ಳು ಹೇಳಿದರು, ನಾನು ಹೇಡಿಯ ಹಾಗೆ ಅದನ್ನು ಒಪ್ಪಿಕೊಂಡೆ. ಅಂದಿನಿಂದ ಅಕ್ಕನ ಫೋನು ಬಂದಾಗಲೆಲ್ಲ ನನಗೆ ಜೀವ ಹೋಗಿ ಬರುತ್ತದೆ.

ಇವತ್ತು ತಡೆಯಲಾಗಲಿಲ್ಲ. ಅಂಗಡಿಯಿಂದಲೇ ಬಸ್ಸು ಹಿಡಿದು ಆಲೆಟ್ಟಿಗೆ ಹೋದೆ. ಭಾವ ಒಳಗೆ ಮಲಗಿದ್ದರು. ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

ಅಕ್ಕ ಬೈಯಲಿಲ್ಲ.

"ಆ ದಿನ ಬೆಳಿಗ್ಗೆ ಹೊರಡುವಾಗ್ಲೇ ಇವರಿಗೆ ನೋವು ಇತ್ತು. ಗ್ಯಾಸ್, ಎಂತ ಆಗುದಿಲ್ಲ ಅಂತ ಕಷಾಯ ಕೊಟ್ಟು ಕಳಿಸಿದ್ದು ನಾನೇ. ನಿನ್ನತ್ರ ಹೇಳಿದ್ರಾ?"

"ಇಲ್ಲ."

ಒಳಗಿನಿಂದ ಭಾವ ಒಮ್ಮೆ ಕೆಮ್ಮಿದರು. ಇಬ್ಬರೂ ಒಟ್ಟಿಗೆ ಎದ್ದು ಒಳಗೆ ಓಡಿದೆವು.