ಆರಾಧನಾಗೆ ತೋರಿಸಬೇಕಿದ್ದ ದ್ವೀಪಗಳು

ಕಶ್ಯಪ್‌ಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಯಾರಾದರೂ ಎದುರಿಗೆ ನಿಂತರೆ ಆಡಬೇಕಾದ ಮಾತು ಗಂಟಲಲ್ಲೇ ಉಳಿದು, ಅವರು ಹೋದ ಮೇಲೆ ಹೊರಗೆ ಬರುತ್ತಿತ್ತು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮಕ್ಕಳ ಗೋಡೆ ಚಾರ್ಟುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ಅವನ ಕೆಲಸ. ಹಣ್ಣು, ತರಕಾರಿ, ಪ್ರಾಣಿ, ಬಾವುಟ. ಎರಡು ವರ್ಷದ ಹಿಂದೆ ಹೆಂಡತಿ ಧೃತಿ ಮಗಳನ್ನು ಕರೆದುಕೊಂಡು ಮಲ್ಲೇಶ್ವರದ ತವರಿಗೆ ಹೊರಟುನಿಂತಾಗಲೂ ಅವನು ಸೂಟ್‌ಕೇಸನ್ನು ಆಟೋದಲ್ಲಿ ಇಟ್ಟುಕೊಟ್ಟನೇ ಹೊರತು ಬೇಡ ಎನ್ನಲಿಲ್ಲ. ಈಗ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಅಲ್ಲಿಯೂ ಅವನ ಪರವಾಗಿ ಮಾತಾಡುವವರು ಲಾಯರು.

ಮಗಳು ಆರಾಧನಾಗೆ ಆರು ವರ್ಷ. ದಿನಾ ಸಂಜೆ ಏಳಕ್ಕೆ ಅವಳ ಜೊತೆ ವಿಡಿಯೋ ಕಾಲ್. ಮೊದಮೊದಲು "ಊಟ ಆಯ್ತಾ, ಸ್ಕೂಲಿಗೆ ಹೋದ್ಯಾ" ಎಂದು ಕೇಳುವಷ್ಟರಲ್ಲೇ ಮಗು ಫೋನನ್ನು ಸೋಫಾದ ಮೇಲೆ ಬಿಟ್ಟು ಓಡಿಬಿಡುತ್ತಿತ್ತು. ಕಶ್ಯಪ್ ಮಾವನ ಮನೆಯ ಫ್ಯಾನು ತಿರುಗುವುದನ್ನು ನೋಡುತ್ತಾ ಕೂತಿರುತ್ತಿದ್ದ. ಪ್ರೆಸ್ಸಿಗೆ ದ್ವೀಪ ದೇಶಗಳ ಚಾರ್ಟಿನ ಕೆಲಸ ಬಂದ ಮೇಲೆ ಅದು ಬದಲಾಯಿತು.

"ನೌರು ಅಂತ ಒಂದು ದೇಶ ಇದೆ ಪುಟ್ಟಿ. ಅದಕ್ಕೆ ರಾಜಧಾನಿನೇ ಇಲ್ಲ. ಸೈಕಲ್ಲಲ್ಲಿ ಇಡೀ ದೇಶ ಸುತ್ಕೊಂಡು ಬರ್ಬೋದು. ನಮ್ಮನೆಯಿಂದ ನಿಮ್ಮನೆಗೆ ಎರಡು ಸಲ ಬಂದು ಹೋದಷ್ಟೇ ದೂರ."

"ಮತ್ತೆ ನೀನ್ಯಾಕೆ ಒಂದ್ಸಲಾನೂ ಬರಲ್ಲ?"

ಕಶ್ಯಪ್ ಅವಸರವಾಗಿ ತುವಾಲು ದೇಶಕ್ಕೆ ಹೋದ. ಅಲ್ಲಿ ವಿಮಾನ ಇಳಿಯುವ ರನ್‌ವೇ ಮೇಲೆ ಸಂಜೆ ಮಕ್ಕಳು ಆಡುತ್ತಾರೆ, ವಿಮಾನ ಬರುವಾಗ ಸೈರನ್ ಹೊಡೆದು ಎಲ್ಲರನ್ನೂ ಪಕ್ಕಕ್ಕೆ ಕಳಿಸುತ್ತಾರೆ ಎಂದ. ಐಸ್‌ಲ್ಯಾಂಡಿನಲ್ಲಿ ಸೊಳ್ಳೆಯೇ ಇರಲಿಲ್ಲ, ಹೋದ ವರ್ಷ ಮೂರು ಸಿಕ್ಕವಂತೆ ಎಂದ.

"ನಮ್ಮನೇವೇ ಹೋಗಿರ್ಬೇಕು ಬಿಡು," ಎಂದಳು ಆರಾಧನಾ.

ಅವತ್ತು ಅವಳು ಫೋನು ಬಿಟ್ಟು ಓಡಲಿಲ್ಲ. ಅಂದಿನಿಂದ ದಿನಕ್ಕೊಂದು ದ್ವೀಪ. ದಸರಾ ಹತ್ತಿರ ಬಂದಾಗ ಅವಳೇ ಅಂದಳು: "ಅಪ್ಪಾ, ನಿಮ್ಮನೇಲಿ ದ್ವೀಪದ ಗೊಂಬೆ ಕೂರ್ಸು. ನಾನು ಬಂದು ನೋಡ್ತೀನಿ."

ಮಾವ ಚಕ್ರಪಾಣಿಯವರು ಒಪ್ಪಿದರು. ಸರಸ್ವತಿ ಪೂಜೆಯ ದಿನ, ಶನಿವಾರ ಮಧ್ಯಾಹ್ನ, ಅವರೇ ಮಗುವನ್ನು ಕರೆತರುವುದೆಂದು ಮಾತಾಯಿತು. ಎರಡು ವರ್ಷದಲ್ಲಿ ಅವಳು ಅಪ್ಪನ ಮನೆಯ ಹೊಸಿಲು ದಾಟುವುದು ಅದೇ ಮೊದಲು. ತಾಯಿ ತುಳಸಮ್ಮ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನು ಇಟ್ಟು, ಕೆಳಗಿನದನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟರು. ಅಗಲವಾದ ಹಿತ್ತಾಳೆ ಹರಿವಾಣದಲ್ಲಿ ನೀರು, ನೀರಲ್ಲಿ ಜೇಡಿಮಣ್ಣಿನ ದ್ವೀಪಗಳು. ಮಾಲ್ಡೀವ್ಸಿನಲ್ಲಿ ಎರಡಂತಸ್ತಿನ ಮನೆಗಿಂತ ಎತ್ತರದ ಗುಡ್ಡವಿಲ್ಲವೆಂದು ಅದನ್ನು ಬೆರಳಿನಿಂದ ಒತ್ತಿ ಒತ್ತಿ ತಗ್ಗಿಸಿದ. ಹಾವೇ ಇಲ್ಲದ ನ್ಯೂಜಿಲ್ಯಾಂಡಿನಲ್ಲಿ ಚನ್ನಪಟ್ಟಣದ ಪುಟ್ಟ ಗೊಂಬೆಗಳನ್ನು ಬರಿಗಾಲಲ್ಲಿ ನಿಲ್ಲಿಸಿದ.

ನವರಾತ್ರಿಯ ನಾಲ್ಕನೆಯ ದಿನ ತುಮಕೂರಿನಿಂದ ಫೋನು ಬಂತು. ದಾಯಾದಿಗಳಲ್ಲಿ ಒಬ್ಬರು, ಕಶ್ಯಪ್ ಎರಡೋ ಮೂರೋ ಸಲ ನೋಡಿದ್ದವರು, ತೀರಿಕೊಂಡಿದ್ದರು. ಹತ್ತು ದಿನ ಸೂತಕ. ತುಳಸಮ್ಮ ಬೀರುವಿನಿಂದ ಹಾಸಿಗೆಯ ಚಾದರ ತಂದು ಗೊಂಬೆಗಳಿಗೆ ಹೊದಿಸಿದರು.

ಮಾರನೆಯ ದಿನ ಚಕ್ರಪಾಣಿಯವರೇ ಫೋನು ಮಾಡಿದರು. "ಸೂತಕದ ಮನೆಗೆ ಮಗೂನ ಹೇಗೆ ಕರ್ಕೊಂಡು ಬರೋದು, ನೀವೇ ಹೇಳಿ ಕಶ್ಯಪ್. ಮುಂದೆ ನೋಡೋಣ."

ಮುಂದೆ ಎಂಬುದಕ್ಕೆ ಈ ಎರಡು ವರ್ಷದಲ್ಲಿ ಏನು ಅರ್ಥವಾಗಿತ್ತೋ ಕಶ್ಯಪ್‌ಗೆ ಗೊತ್ತಿತ್ತು. ಜೀವನದಲ್ಲಿ ಒಮ್ಮೆ, ಆಡಬೇಕಾದ ಮಾತು ಸಮಯಕ್ಕೆ ಸರಿಯಾಗಿ ಬಾಯಿಗೆ ಬಂತು.

"ಮಾವ, ಅವಳು ನನ್ನ ಮಗಳು. ನಮ್ಮ ಗೋತ್ರ. ಮದುವೆ ಆಗೋವರೆಗೂ ನಮ್ಮ ಸೂತಕ ಅವಳಿಗೂ ಇರತ್ತಲ್ವಾ? ಸೂತಕ ಇರೋರೇ ಸೂತಕದ ಮನೆಗೆ ಬಂದ್ರೆ ದೋಷ ಏನು?"

"ಹೌದು," ಎಂದರು ಚಕ್ರಪಾಣಿ. "ನೀವು ಹೇಳೋದು ಶಾಸ್ತ್ರದ ಮಾತು. ಶನಿವಾರ ಕರ್ಕೊಂಡು ಬರ್ತೀನಿ."

ಫೋನಿಟ್ಟು ಅವನು ನಕ್ಕುಬಿಟ್ಟ. ಸಂಜೆ ಏಳಕ್ಕೆ ಕರೆ ಮಾಡಿದಾಗ ಆರಾಧನಾ ಒಳಕೋಣೆಯ ಮಂಚದ ಮೇಲೆ ಒಬ್ಬಳೇ ಕೂತಿದ್ದಳು. ಉಟ್ಟಿದ್ದ ಹಸಿರು ಲಂಗವನ್ನು ಅರ್ಧ ಬಿಚ್ಚಿದ್ದಳು. ಹಿಂದೆ ಎಲ್ಲೋ ಹೆಂಗಸರು ಆರತಿ ಹಾಡುತ್ತಿದ್ದರು.

"ಅಪ್ಪಾ, ಅಜ್ಜಿ ಇಲ್ಲಿ ಕೂರ್ಸಿರೋ ಗೊಂಬೆ ಹತ್ರ ಹೋಗ್ಬೇಡ ಅಂದ್ರು. ಯಾರೂ ನನ್ನ ಮುಟ್ಟಲ್ಲ. ನಂಗೇನೋ ಇದೆಯಂತೆ."

"ಏನಿಲ್ಲ ಪುಟ್ಟಿ..."

"ಸೋಪ್ ಹಾಕಿ ತೊಳ್ಕೊಂಡೆ. ಹೋಗ್ಲಿಲ್ಲ ಅಂದ್ರು. ನಿನ್ನಿಂದ ಬಂತಂತೆ ಅದು. ಶನಿವಾರ ಸಂಜೆ ಇಲ್ಲಿಗೆ ನನ್ನ ಫ್ರೆಂಡ್ಸ್ ಎಲ್ಲಾ ಬರ್ತಾರೆ. ನಾನು ಹಾಡ್ಬೇಕಿತ್ತು." ಅವಳು ಕೈಯನ್ನು ಕ್ಯಾಮೆರಾಗೆ ಹಿಡಿದು ತೋರಿಸಿದಳು. ಉಜ್ಜಿ ಉಜ್ಜಿ ಕೆಂಪಾಗಿತ್ತು. "ನೀನೇ ತೆಗ್ದುಬಿಡು ಅಪ್ಪಾ."

ಅವನು ಒಂದು ದ್ವೀಪದ ಹೆಸರು ಹೇಳಹೋದ. ಅವಳು ಕೇಳಿಸಿಕೊಳ್ಳಲಿಲ್ಲ.

ಕಶ್ಯಪ್ ಚಕ್ರಪಾಣಿಯವರಿಗೆ ಫೋನು ಮಾಡಿದ. "ಮಾವ, ಮಗು ಕಣ್ರೀ ಅದು. ಗೊಂಬೆ ಹತ್ರ ಬಿಡಿ."

"ನಾನೇನು ಕಟುಕನಾ ಕಶ್ಯಪ್? ಮೊಮ್ಮಗಳು ಅಳೋದು ನೋಡಿ ನಾನೂ ಊಟ ಮಾಡಿಲ್ಲ. ಆದ್ರೆ ನೀವೇ ಅಲ್ವಾ ಹೇಳಿದ್ದು? ಇದ್ರೆ ಎರಡೂ ಕಡೆ ಇರತ್ತೆ, ಇಲ್ದಿದ್ರೆ ಎರಡೂ ಕಡೆ ಇಲ್ಲ. ನಿಮ್ಮನೆಗೆ ಬರೋಕೆ ಮಾತ್ರ ಇದೆ, ಇಲ್ಲಿ ಇಲ್ಲ ಅಂದ್ರೆ ಹೇಗೆ?"

ಕಶ್ಯಪ್ ಚಾದರ ಹೊದ್ದ ಗೊಂಬೆಗಳ ಮುಂದೆ ನಿಂತಿದ್ದ. ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನೋಡುತ್ತಿದ್ದರು.

"ನಾನು ಹೇಳಿದ್ದು ತಪ್ಪು ಮಾವ. ಅವಳು ನಿಮ್ಮನೆ ಮಗು. ಅವಳಿಗೆ ನಮ್ಮ ಸೂತಕ ಇಲ್ಲ."

"ಸರಿ. ಹಾಗಾದ್ರೆ ಶನಿವಾರ..."

"ಕರ್ಕೊಂಡು ಬರ್ಬೇಡಿ."

ಶನಿವಾರ ಏಳಕ್ಕೆ ಅವನು ಕರೆ ಮಾಡಿದಾಗ ಫೋನು ತುಂಬ ಮಕ್ಕಳ ಗಲಾಟೆ. ಆರಾಧನಾಳ ಹಣೆಯಲ್ಲಿ ಕುಂಕುಮ, ತಲೆ ತುಂಬ ಮಲ್ಲಿಗೆ. "ಅಪ್ಪಾ, ಹೋಗ್ಬಿಡ್ತು!" ಎಂದಳು. "ಇವತ್ತು ದ್ವೀಪ ಬೇಡ, ಎಲ್ರೂ ಬಂದಿದಾರೆ. ಇಡ್ಲಾ?"

"ಇಡು ಪುಟ್ಟಿ."

ತುಳಸಮ್ಮ ಕೇಳಿದರು, "ಮುಂದಿನ ವಾರ ಬರ್ತಾಳಂತಾ?"

"ಗೊತ್ತಿಲ್ಲಮ್ಮ."

"ನಮ್ಮ ಮಗು ಅಲ್ಲ ಅಂತ ಅಷ್ಟು ಸುಲಭವಾಗಿ ಅಂದ್ಬಿಟ್ಟೆ. ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲೋ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ," ಎಂದರು ತುಳಸಮ್ಮ. ನಾಳೆ ಏಳಕ್ಕೆ ಕರೆ ಮಾಡಿದರೆ ಮಾವ ಎತ್ತುತ್ತಾರೋ ಇಲ್ಲವೋ, ಎತ್ತದಿದ್ದರೆ ಯಾವ ಹಕ್ಕಿನಿಂದ ಕೇಳುವುದು ಎಂದು ಕಶ್ಯಪ್ ಯೋಚಿಸುತ್ತಿದ್ದ.